ಗುಡ್ಡ ಇಳಿದು, ಹೊಳೆ ದಾಟಿ, ಕಡಲ ದಂಡೆಗೆ

ಗೋಕರ್ಣದ ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ತೀರಗಳನ್ನು ಗುಡ್ಡ ಹತ್ತಿಳಿದು ನೋಡುವ ಚಾರಣ ಈಗ ನಾಡಿಗೆಲ್ಲ ಗೊತ್ತು. ಅಂಥದ್ದೇ ಒಂದು ದಿನದ ನಡಿಗೆಗೆ ಮಂಗಳೂರು ನಗರದೊಳಗೇ ದಾರಿಯಿದೆ. ಕದ್ರಿ ಗುಡ್ಡದಿಂದ ಬಾವುಟಗುಡ್ಡ, ಅಲ್ಲಿಂದ ಸುಲ್ತಾನ್ ಬತ್ತೇರಿ, ಫಲ್ಗುಣಿ ಹೊಳೆ ದಾಟಿ ತಣ್ಣೀರುಬಾವಿ, ಕೊನೆಗೆ ಪಣಂಬೂರು. ಒಟ್ಟು ಹತ್ತು ಹನ್ನೆರಡು ಕಿಲೋಮೀಟರ್.

ತಂಡ ಸೇರಲು ಕದ್ರಿ ಮಂಜುನಾಥ ದೇವಸ್ಥಾನಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿ ಕ್ರಿ.ಶ. 968ರದ್ದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಮೇಲೆ ಹತ್ತಿದರೆ ಜೋಗಿ ಮಠ, ಪಾಂಡವರ ಗುಹೆಗಳು. ಕಾಲಡಿಯ ಕೆಂಪು ಮುರಕಲ್ಲನ್ನು ಗಮನಿಸುತ್ತ ನಡೆಯಬೇಕು. ಊರಿನ ಎಷ್ಟೋ ಹಳೆ ಮನೆಗಳ ಗೋಡೆ ಇದೇ ಕಲ್ಲಿನದು. ಮಾಡಿನ ಹೆಂಚಿಗೆ ಜೇಡಿಮಣ್ಣು ಬಂದದ್ದು ಕೆಳಗಿನ ಹೊಳೆದಂಡೆಗಳಿಂದ. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಆ ಮಣ್ಣನ್ನು ನಂಬಿ.

ಬಾವುಟಗುಡ್ಡದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಗೆದ್ದು, ಈಸ್ಟ್ ಇಂಡಿಯಾ ಕಂಪನಿಯ ಧ್ವಜ ಇಳಿಸಿ ತನ್ನ ಬಾವುಟ ಏರಿಸಿದ್ದು ಇಲ್ಲೇ. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿ ನಿಂತದ್ದು 2022ರಲ್ಲಿ. ಪಕ್ಕದ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಬಿಡಿಸಿದ ಚಿತ್ರಗಳಿವೆ. ಗುಡ್ಡದ ಮೇಲಿಂದ ಪಡುವಣಕ್ಕೆ ಕಣ್ಣು ಹಾಯಿಸಿದರೆ ತೆಂಗಿನ ತಲೆಗಳಾಚೆ ಕಡಲು.

ಮುಂದಿನದ್ದೆಲ್ಲ ಇಳಿಜಾರು. ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ, ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದಂತೆ ತಡೆಯಲು. ಕಪ್ಪು ಕಲ್ಲಿನ ಪುಟ್ಟ ಕಟ್ಟಡ; ಕೆಳಗೆ ಮದ್ದಿನ ಕೋಣೆ, ಮೇಲೆ ಫಿರಂಗಿ ಕಿಂಡಿಗಳು. ಒಂದು ಕಿಂಡಿಗೆ ಕಣ್ಣಿಟ್ಟರೆ ಸಾಕು, ಕಟ್ಟಿದವರು ಯಾಕೆ ಈ ಜಾಗವನ್ನೇ ಆರಿಸಿದರು ಎಂಬುದು ತಿಳಿಯುತ್ತದೆ. ಹೊಳೆಯ ಹರಹು ಪೂರ್ತಿ ಎದುರಿಗಿದೆ.

ಇಲ್ಲಿಂದ ದೋಣಿ. ಕೆಲವೇ ನಿಮಿಷದಲ್ಲಿ ಆಚೆ ದಡ, ಗಾಳಿಮರಗಳ ನೆರಳು, ಅದರಾಚೆ ತಣ್ಣೀರುಬಾವಿಯ ಮರಳು. ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದು ನೋಡಲು ಸಿಗುತ್ತದೆ. ದೋಣಿಯೊಂದು ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದಿರುತ್ತದೆ. ದಡದಲ್ಲಿ ಎರಡು ಸಾಲಾಗಿ ನಿಂತವರು ಎರಡೂ ತುದಿಯ ಹಗ್ಗ ಎಳೆಯುತ್ತ ಹತ್ತಿರ ಹತ್ತಿರ ಬರುತ್ತಾರೆ. ಬಲೆ ಮೇಲೆ ಬಂದಾಗ ಬೂತಾಯಿ, ಬಂಗುಡೆ ಬೆಳ್ಳಿಯಂತೆ ಚಿಮ್ಮುತ್ತವೆ.

ಉತ್ತರಕ್ಕೆ ಪಣಂಬೂರಿನ ಕಡೆ ಹೋಗುವಾಗ ಅಲೆ ತೊಯ್ಸಿದ ಗಟ್ಟಿ ಮರಳಿನ ಮೇಲೆಯೇ ನಡೆಯುವುದು ಲೇಸು, ಒಣ ಮರಳು ಕಾಲು ಹಿಡಿಯುತ್ತದೆ. ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ; ಅದರ ಅಲೆತಡೆ ಗೋಡೆ ಕಂಡಲ್ಲಿಗೆ ನಡಿಗೆ ಮುಗಿಯಿತು. ಬೊಂಡ, ಚುರುಮುರಿ ಅಲ್ಲೇ ಸಿಗುತ್ತವೆ.

ಈ ನಡಿಗೆಯನ್ನು ಗುಂಪಾಗಿಯೇ ಮಾಡಬೇಕು. ಮುಂದೆ ದಾರಿ ಬಲ್ಲವರೊಬ್ಬರು, ಕೊನೆಯಲ್ಲಿ ತಾಳ್ಮೆಯ ಇನ್ನೊಬ್ಬರು ಇದ್ದರೆ ಮಕ್ಕಳೂ ಹಿರಿಯರೂ ಸುಖವಾಗಿ ಬರುತ್ತಾರೆ. ನಗರದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ಮಂಗಳೂರು ಘಟಕ ನಡೆಸುವ ಪಾರಂಪರಿಕ ನಡಿಗೆಗಳು ಈ ಅಭ್ಯಾಸಕ್ಕೆ ಒಳ್ಳೆಯ ಪಾಠಶಾಲೆ. ನವೆಂಬರ್‌ನಿಂದ ಫೆಬ್ರವರಿ ತಕ್ಕ ಕಾಲ. ಮಳೆಗಾಲದಲ್ಲಿ ಈ ದಂಡೆಯ ಹತ್ತಿರ ಸುಳಿಯಬಾರದು. ಉಳಿದ ದಿನಗಳಲ್ಲೂ ನೀರಿಗಿಳಿಯುವ ಮುನ್ನ ಜೀವರಕ್ಷಕರ ಮಾತು ಕೇಳಬೇಕು.

ಇನ್ನೊಂದು ವಿನಂತಿ. 2024ರ ಆರಂಭದಲ್ಲಿ ಈ ಕರಾವಳಿಯ ಸಸಿಹಿತ್ಲು, ತಣ್ಣೀರುಬಾವಿ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು. ಮರಿ ಹೊರಬರಲು ಸುಮಾರು ಒಂದೂವರೆ ಎರಡು ತಿಂಗಳು ಬೇಕು. ಬೇಲಿ ಹಾಕಿದ ಗೂಡು ಕಂಡರೆ ದೂರದಿಂದಲೇ ಸಾಗಿ. ತಂದ ಪ್ಲಾಸ್ಟಿಕ್ ಮರಳಿ ಒಯ್ಯಿರಿ. ಹೊಸ ಗೂಡಿನ ಸುಳಿವು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.