ಸ್ಥಳೀಯ ಟ್ರಕ್ ಚಾಲಕರ ಕೆಲಸದ ಅವಧಿ (ಅಮೇರಿಕ ಸಂಯುಕ್ತ ಸಂಸ್ಥಾನ)

ಸ್ಥಳೀಯ ಟ್ರಕ್ ಚಾಲನೆ ಎಂದರೆ ಒಂದು ನಗರ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಸರಕು ಸಾಗಿಸಿ, ಕೆಲಸ ಮುಗಿದ ನಂತರ ಅದೇ ದಿನ ಹೊರಟ ಡಿಪೊಗೆ ಮರಳುವ ಉದ್ಯೋಗ. ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ದೂರಪ್ರಯಾಣದ ಟ್ರಕ್ ಚಾಲನೆಯಿಂದ ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ. ದೂರಪ್ರಯಾಣದ ಚಾಲಕರು ವಾರಗಟ್ಟಲೆ ವಾಹನದಲ್ಲಿಯೇ ಮಲಗಿ ದಿನ ಕಳೆದರೆ, ಸ್ಥಳೀಯ ಚಾಲಕರು ಸಾಮಾನ್ಯವಾಗಿ ಪ್ರತಿದಿನ ಮನೆಗೆ ಹೋಗುತ್ತಾರೆ. ಆದರೆ ಪ್ರಯಾಣದ ದೂರ ಕಡಿಮೆಯಾದ ಮಾತ್ರಕ್ಕೆ ಕೆಲಸದ ದಿನ ಚಿಕ್ಕದಾಗುವುದಿಲ್ಲ. ಸರಕು ತುಂಬುವುದು, ಇಳಿಸುವುದು, ಗೋದಾಮಿನ ಬಾಗಿಲಲ್ಲಿ ಕಾಯುವುದು ಹಾಗೂ ನಗರದ ವಾಹನ ದಟ್ಟಣೆ ಸೇರಿ ದಿನಕ್ಕೆ 10ರಿಂದ 14 ಗಂಟೆಗಳ ಕೆಲಸ ಈ ವೃತ್ತಿಯಲ್ಲಿ ಅಪರೂಪವಲ್ಲ.

ಇತಿಹಾಸ

1935ರ ಮೋಟಾರ್ ಕ್ಯಾರಿಯರ್ ಕಾಯಿದೆಯು ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ಟ್ರಕ್ ಮತ್ತು ಬಸ್ ಚಾಲಕರ ಗರಿಷ್ಠ ಕೆಲಸದ ಅವಧಿಯನ್ನು ನಿಗದಿಪಡಿಸುವ ಅಧಿಕಾರ ನೀಡಿತು. ದಣಿದ ಚಾಲಕರಿಂದ ಸಂಭವಿಸುವ ಅಪಘಾತಗಳನ್ನು ತಡೆಯುವುದು ಇದರ ಉದ್ದೇಶವಾಗಿತ್ತು. 2000ನೇ ಇಸವಿಯ ಜನವರಿಯಿಂದ ಈ ಹೊಣೆಯನ್ನು ಸಾರಿಗೆ ಇಲಾಖೆಯ ಅಧೀನದಲ್ಲಿರುವ ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತವು ನಿರ್ವಹಿಸುತ್ತಿದೆ.

ಹಳೆಯ ನಿಯಮಗಳಲ್ಲಿ ಊಟ ಅಥವಾ ವಿರಾಮಕ್ಕಾಗಿ ಕೆಲಸದಿಂದ ಹೊರಗಿದ್ದ ಸಮಯವನ್ನು ಕರ್ತವ್ಯದ ಲೆಕ್ಕದಿಂದ ಕಳೆಯಬಹುದಾಗಿತ್ತು. 2003ರಲ್ಲಿ ಪ್ರಕಟವಾಗಿ 2004ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಗಳು ಈ ಪದ್ಧತಿಯನ್ನು ಬದಲಿಸಿದವು. ಅಲ್ಲಿಂದೀಚೆಗೆ ಕೆಲಸ ಆರಂಭವಾದ ಕ್ಷಣದಿಂದ 14 ಗಂಟೆಗಳನ್ನು ಒಂದೇ ಸಮನೆ ಎಣಿಸಲಾಗುತ್ತದೆ. ನಡುವೆ ಊಟಕ್ಕೆ ನಿಂತರೂ, ಸರಕಿಗಾಗಿ ಕಾದರೂ ಸ್ಥಳೀಯ ಚಾಲಕರ ಪಾಲಿಗೆ ಈ ಗಡಿಯಾರ ನಿಲ್ಲುವುದಿಲ್ಲ.

ಸಾಮಾನ್ಯ ಮಿತಿಗಳು

ಸರಕು ಸಾಗಿಸುವ ವಾಣಿಜ್ಯ ವಾಹನಗಳ ಚಾಲಕರಿಗೆ ಅನ್ವಯಿಸುವ ಮುಖ್ಯ ಫೆಡರಲ್ ಮಿತಿಗಳು ಹೀಗಿವೆ:

• ಸತತ 10 ಗಂಟೆಗಳ ಬಿಡುವಿನ ನಂತರ ಗರಿಷ್ಠ 11 ಗಂಟೆ ವಾಹನ ಚಲಾಯಿಸಬಹುದು.
• ಕೆಲಸ ಆರಂಭವಾದ 14 ಗಂಟೆಗಳ ನಂತರ ವಾಹನ ಚಲಾಯಿಸುವಂತಿಲ್ಲ.
• ಒಟ್ಟು 8 ಗಂಟೆ ಚಾಲನೆಯಾದ ಮೇಲೆ ಕನಿಷ್ಠ 30 ನಿಮಿಷಗಳ ಕಾಲ ಚಾಲನೆಗೆ ವಿರಾಮ ನೀಡಬೇಕು.
• ಸತತ 7 ದಿನಗಳಲ್ಲಿ 60 ಗಂಟೆ ಅಥವಾ ಸತತ 8 ದಿನಗಳಲ್ಲಿ 70 ಗಂಟೆ ಕೆಲಸ ಮಾಡಿದ ನಂತರ ಚಾಲನೆ ನಿಷಿದ್ಧ. ವಾರದ ಎಲ್ಲ ದಿನ ವಾಹನ ಓಡಿಸುವ ಸಂಸ್ಥೆಗಳು ಮಾತ್ರ ಎರಡನೆಯ ಲೆಕ್ಕವನ್ನು ಬಳಸಬಹುದು.
• ಸತತ 34 ಗಂಟೆಗಳ ಬಿಡುವು ಪಡೆದರೆ ವಾರದ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ.

ಈ ಮಿತಿಗಳು ಚಾಲನೆಯನ್ನು ತಡೆಯುತ್ತವೆಯೇ ಹೊರತು ಕೆಲಸವನ್ನಲ್ಲ. 14 ಗಂಟೆ ಮುಗಿದ ಚಾಲಕರು ಗೋದಾಮಿನಲ್ಲಿ ಸರಕು ಜೋಡಿಸುವುದಕ್ಕೆ ಈ ನಿಯಮಗಳ ಅಡ್ಡಿಯಿಲ್ಲ. ಆದರೆ ಆ ಸಮಯವೂ ವಾರದ ಒಟ್ಟು ಗಂಟೆಗಳಿಗೆ ಸೇರುತ್ತದೆ.

ಉದಾಹರಣೆಗೆ, ಬೆಳಗಿನ ಜಾವ 4 ಗಂಟೆಗೆ ಕೆಲಸ ಆರಂಭಿಸಿದವರು ಸಂಜೆ 6ರ ನಂತರ ವಾಹನ ಚಲಾಯಿಸುವಂತಿಲ್ಲ. 6 ಗಂಟೆಗೆ ಕೆಲಸ ಮುಗಿಸಿದರೆ 10 ಗಂಟೆಗಳ ಬಿಡುವು ಮರುದಿನ ಬೆಳಗಿನ 4ಕ್ಕೆ ಪೂರ್ಣಗೊಳ್ಳುತ್ತದೆ. ಮತ್ತೊಂದು ಪಾಳಿಯನ್ನು ಆಗಲೇ ಆರಂಭಿಸಬಹುದು. ಮನೆಗೆ ಹೋಗಿ ಬರುವ ಪ್ರಯಾಣ, ಊಟ, ಕುಟುಂಬದೊಡನೆ ಕಳೆಯುವ ಸಮಯ ಮತ್ತು ನಿದ್ರೆ ಎಲ್ಲವೂ ಆ 10 ಗಂಟೆಗಳಲ್ಲಿಯೇ ಆಗಬೇಕು. ದಿನಕ್ಕೆ 14 ಗಂಟೆಯಂತೆ ದುಡಿದರೆ ನಾಲ್ಕು ದಿನಗಳಲ್ಲಿ 56 ಗಂಟೆಗಳಾಗಿ, ಐದನೆಯ ದಿನ ಚಾಲನೆಗೆ ಕೇವಲ 4 ಗಂಟೆಗಳ ಅವಕಾಶ ಉಳಿಯುತ್ತದೆ. ದಿನಕ್ಕೆ 12 ಗಂಟೆಯಂತೆ ಐದು ದಿನಗಳ ವೇಳಾಪಟ್ಟಿ 60 ಗಂಟೆಗಳ ಮಿತಿಗೆ ಸರಿಹೊಂದುತ್ತದೆ.

ಅಲ್ಪದೂರದ ವಿನಾಯಿತಿ

ಸ್ಥಳೀಯ ಚಾಲಕರಲ್ಲಿ ಅನೇಕರು ಅಲ್ಪದೂರದ ವಿನಾಯಿತಿಯ ವ್ಯಾಪ್ತಿಗೆ ಬರುತ್ತಾರೆ. ಇದರ ಪ್ರಕಾರ ಡಿಪೊದಿಂದ 150 ನಾಟಿಕಲ್ ಮೈಲಿ, ಅಂದರೆ ಸುಮಾರು 278 ಕಿಲೋಮೀಟರ್ ತ್ರಿಜ್ಯದೊಳಗೆ ಸಂಚರಿಸಿ, 14 ಗಂಟೆಗಳೊಳಗೆ ಅದೇ ಡಿಪೊಗೆ ಮರಳಿ ಕೆಲಸ ಮುಗಿಸುವವರು ಪ್ರತಿ ಗಂಟೆಯ ವಿವರವಾದ ದಿನಚರಿಯನ್ನು ಬರೆಯಬೇಕಾಗಿಲ್ಲ. 30 ನಿಮಿಷಗಳ ಕಡ್ಡಾಯ ವಿರಾಮದಿಂದಲೂ ಅವರಿಗೆ ವಿನಾಯಿತಿಯಿದೆ. 2020ರ ಸೆಪ್ಟೆಂಬರ್ 29ಕ್ಕೆ ಮುಂಚೆ ಈ ಮಿತಿಗಳು 100 ನಾಟಿಕಲ್ ಮೈಲಿ ಮತ್ತು 12 ಗಂಟೆಗಳಾಗಿದ್ದವು.

ವಿನಾಯಿತಿ ದಾಖಲೆಗೆ ಸಂಬಂಧಿಸಿದ್ದೇ ಹೊರತು 11 ಗಂಟೆಗಳ ಚಾಲನಾ ಮಿತಿಗೆ ಸಂಬಂಧಿಸಿದ್ದಲ್ಲ. ಉದ್ಯೋಗದಾತರು ಪ್ರತಿ ಚಾಲಕರ ಕೆಲಸ ಆರಂಭವಾದ ಸಮಯ, ಮುಗಿದ ಸಮಯ ಮತ್ತು ಒಟ್ಟು ಗಂಟೆಗಳ ದಾಖಲೆಯನ್ನು ಆರು ತಿಂಗಳ ಕಾಲ ಇಟ್ಟುಕೊಳ್ಳಬೇಕು. ಯಾವುದೇ 30 ದಿನಗಳ ಅವಧಿಯಲ್ಲಿ 8ಕ್ಕಿಂತ ಹೆಚ್ಚು ದಿನ ಈ ಮಿತಿಯನ್ನು ಮೀರಿದವರು ಸಾಮಾನ್ಯವಾಗಿ ವಾಹನದ ಎಂಜಿನ್‌ಗೆ ಜೋಡಿಸಿದ ವಿದ್ಯುನ್ಮಾನ ದಾಖಲೆ ಸಾಧನವನ್ನು ಬಳಸಬೇಕಾಗುತ್ತದೆ. ಈ ಸಾಧನದ ಕಡ್ಡಾಯ ಬಳಕೆ 2017ರ ಡಿಸೆಂಬರ್ 18ರಂದು ಜಾರಿಗೆ ಬಂದಿತು.

ಇದಲ್ಲದೆ, ಹಿಂದಿನ ಐದು ಪಾಳಿಗಳಲ್ಲಿಯೂ ಡಿಪೊಗೆ ಮರಳಿದ ಚಾಲಕರು ಏಳು ದಿನಗಳಿಗೊಮ್ಮೆ 14 ಗಂಟೆಗಳ ಅವಧಿಯನ್ನು 16 ಗಂಟೆಗಳಿಗೆ ವಿಸ್ತರಿಸಿಕೊಳ್ಳಬಹುದು. ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಕೃಷಿ ಉತ್ಪನ್ನ ಸಾಗಿಸುವವರಿಗೆ ಹಾಗೂ ಕಟ್ಟಡ ಸಾಮಗ್ರಿ ಸಾಗಿಸುವವರಿಗೆ ಪ್ರತ್ಯೇಕ ಸಡಿಲಿಕೆಗಳಿವೆ. ಒಂದೇ ರಾಜ್ಯದೊಳಗಿನ ಸಾಗಣೆಗೆ ರಾಜ್ಯಗಳು ತಮ್ಮದೇ ನಿಯಮ ರೂಪಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಇಂತಹ ಚಾಲಕರು 12 ಗಂಟೆಗಳವರೆಗೆ ವಾಹನ ಚಲಾಯಿಸಬಹುದು.

ವೃತ್ತಿಯ ವಿಧಗಳು ಮತ್ತು ವೇಳಾಪಟ್ಟಿ

ಕೆಲಸದ ವೇಳೆಯನ್ನು ಬಹುಮಟ್ಟಿಗೆ ಸರಕಿನ ಸ್ವರೂಪವೇ ನಿರ್ಧರಿಸುತ್ತದೆ.

ಆಹಾರ ಮತ್ತು ಪಾನೀಯ: ಹೋಟೆಲುಗಳಿಗೂ ದಿನಸಿ ಅಂಗಡಿಗಳಿಗೂ ಸರಕು ಒದಗಿಸುವವರು ನಡುರಾತ್ರಿಯ ನಂತರ ಅಥವಾ ಬೆಳಗಿನ ಜಾವದಲ್ಲಿ ಹೊರಡುತ್ತಾರೆ. ಗ್ರಾಹಕರು ಬರುವ ಮೊದಲೇ ಸರಕು ಒಳಗೆ ಸೇರಬೇಕಾಗುತ್ತದೆ. ಕೈಗಾಡಿಯಲ್ಲಿ ಪೆಟ್ಟಿಗೆಗಳನ್ನು ಇಳಿಸುವುದೂ ಚಾಲಕರ ಕೆಲಸವಾದ್ದರಿಂದ ದೈಹಿಕ ಶ್ರಮ ಹೆಚ್ಚು.

ಬಿಡಿ ಸರಕು: ಹಲವು ಗ್ರಾಹಕರ ಸರಕನ್ನು ಒಂದೇ ವಾಹನದಲ್ಲಿ ಸಾಗಿಸುವ ಸಂಸ್ಥೆಗಳಲ್ಲಿ ನಗರ ಚಾಲಕರು ಬೆಳಿಗ್ಗೆ ಸರಕು ತಲುಪಿಸಿ, ಮಧ್ಯಾಹ್ನದ ನಂತರ ಹೊಸ ಸರಕು ಸಂಗ್ರಹಿಸುತ್ತಾರೆ. ಕೊನೆಯ ಗ್ರಾಹಕರ ಸರಕು ಸಿದ್ಧವಾಗುವವರೆಗೆ ಅವರ ದಿನ ಮುಗಿಯುವುದಿಲ್ಲ. ಕಾರ್ಮಿಕ ಸಂಘವಿರುವ ಕಡೆ ಸೇವಾ ಹಿರಿತನದ ಆಧಾರದ ಮೇಲೆ ಪಾಳಿಗಳನ್ನು ಆಯ್ದುಕೊಳ್ಳುವ ಪದ್ಧತಿಯಿದೆ. ಆದ್ದರಿಂದ ಹೊಸಬರಿಗೆ ರಾತ್ರಿಪಾಳಿ ಅಥವಾ ಅನಿಶ್ಚಿತ ವೇಳೆಯ ಕೆಲಸ ಉಳಿಯುವುದು ಸಾಮಾನ್ಯ.

ಬಂದರು ಸಾಗಣೆ: ಕಂಟೇನರುಗಳನ್ನು ಬಂದರಿನಿಂದ ಸಮೀಪದ ಗೋದಾಮುಗಳಿಗೆ ಒಯ್ಯುವವರ ದಿನ ಬಂದರಿನ ದ್ವಾರಗಳ ಮುಂದಿನ ಸರದಿಯನ್ನು ಅವಲಂಬಿಸಿದೆ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ದಟ್ಟಣೆ ತಗ್ಗಿಸಲು 2005ರಲ್ಲಿ ಪಿಯರ್‌ಪಾಸ್ ಎಂಬ ಯೋಜನೆಯಡಿ ರಾತ್ರಿ ಹಾಗೂ ಶನಿವಾರದ ಸೇವೆ ಆರಂಭವಾಯಿತು. ಇದರಿಂದ ಅನೇಕ ಚಾಲಕರ ಕೆಲಸ ರಾತ್ರಿಗೆ ಸ್ಥಳಾಂತರಗೊಂಡಿತು.

ಸಿದ್ಧ ಕಾಂಕ್ರೀಟ್: ಕಾಂಕ್ರೀಟು ಬೇಗ ಗಟ್ಟಿಯಾಗುವುದರಿಂದ ಪ್ರತಿ ಸಾಗಣೆಯೂ ಕಿರಿದು, ಆದರೆ ದಿನಕ್ಕೆ ಹಲವು ಸುತ್ತುಗಳಿರುತ್ತವೆ. ಬೇಸಿಗೆಯಲ್ಲಿ ದೀರ್ಘ ದಿನಗಳಿದ್ದು, ಶೀತ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಕೆಲಸ ತೀರಾ ಕಡಿಮೆಯಾಗುತ್ತದೆ.

ಇಂಧನ ಟ್ಯಾಂಕರ್: ಪೆಟ್ರೋಲ್ ಬಂಕುಗಳಿಗೆ ಹಗಲು ರಾತ್ರಿ ಪೂರೈಕೆ ನಡೆಯುವುದರಿಂದ ಒಂದೇ ವಾಹನವನ್ನು ಇಬ್ಬರು ಚಾಲಕರು ಎರಡು ಪಾಳಿಗಳಲ್ಲಿ ಓಡಿಸುವುದುಂಟು.

ವೇತನ ಮತ್ತು ಹೆಚ್ಚುವರಿ ಅವಧಿ

ದೂರಪ್ರಯಾಣದ ಚಾಲಕರಿಗೆ ಹೆಚ್ಚಾಗಿ ಮೈಲಿ ಲೆಕ್ಕದಲ್ಲಿ ವೇತನ ದೊರೆತರೆ, ಸ್ಥಳೀಯ ಚಾಲಕರಲ್ಲಿ ಅನೇಕರಿಗೆ ಗಂಟೆಯ ಲೆಕ್ಕದಲ್ಲಿ ದೊರೆಯುತ್ತದೆ. ಗಂಟೆಯ ವೇತನವಿದ್ದಲ್ಲಿ ಕಾಯುವ ಸಮಯಕ್ಕೂ ಹಣ ಸಿಗುತ್ತದೆ. ಪ್ರತಿ ಸಾಗಣೆಗೆ ಇಂತಿಷ್ಟು ಎಂದು ಪಡೆಯುವ ಬಂದರು ಚಾಲಕರಂಥವರಿಗೆ ಕಾಯುವಿಕೆಯ ನಷ್ಟ ತಮ್ಮದೇ ಆಗುತ್ತದೆ.

1938ರ ನ್ಯಾಯಸಮ್ಮತ ಕಾರ್ಮಿಕ ಮಾನದಂಡ ಕಾಯಿದೆಯು ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ವೇತನವನ್ನು ಕಡ್ಡಾಯಗೊಳಿಸಿದೆ. ಆದರೆ ಸಾರಿಗೆ ಇಲಾಖೆಯ ಅಧಿಕಾರ ವ್ಯಾಪ್ತಿಯ ಟ್ರಕ್ ಚಾಲಕರನ್ನು ಅದೇ ಕಾಯಿದೆ ಈ ಸೌಲಭ್ಯದಿಂದ ಹೊರಗಿಟ್ಟಿದೆ. ವಾಹನ ರಾಜ್ಯದ ಗಡಿ ದಾಟದಿದ್ದರೂ, ಅದರಲ್ಲಿರುವ ಸರಕು ಹೊರ ರಾಜ್ಯದಿಂದ ಆರಂಭವಾದ ಸಾಗಣೆಯ ಮುಂದುವರಿದ ಭಾಗವಾಗಿದ್ದರೆ ಈ ಹೊರತುಪಡಿಸುವಿಕೆ ಅನ್ವಯಿಸಬಹುದು. ಹೀಗಾಗಿ ವಾರಕ್ಕೆ 55 ಗಂಟೆ ದುಡಿಯುವ ಸ್ಥಳೀಯ ಚಾಲಕರಿಗೆ ಉಳಿದ 15 ಗಂಟೆಗಳ ಹೆಚ್ಚುವರಿ ದರ ಫೆಡರಲ್ ಕಾನೂನಿನಿಂದ ಖಾತರಿಯಾಗದೆ ಹೋಗಬಹುದು. 2008ರ ತಿದ್ದುಪಡಿಯ ನಂತರ 10,000 ಪೌಂಡ್ (ಸುಮಾರು 4,536 ಕಿಲೋಗ್ರಾಂ) ಅಥವಾ ಅದಕ್ಕಿಂತ ಕಡಿಮೆ ತೂಕದ ವಾಹನಗಳ ಚಾಲಕರಿಗೆ ಸಾಮಾನ್ಯವಾಗಿ ಈ ದರ ಸಲ್ಲುತ್ತದೆ. ಹಲವು ಸಂಸ್ಥೆಗಳು ಕಾನೂನಿನ ಒತ್ತಾಯವಿಲ್ಲದಿದ್ದರೂ ಒಪ್ಪಂದದ ಮೇರೆಗೆ ಹೆಚ್ಚುವರಿ ದರ ನೀಡುತ್ತವೆ.

ಆರೋಗ್ಯ ಮತ್ತು ಸುರಕ್ಷತೆ

ಬೆಳಗಿನ ಜಾವದ ಪಾಳಿಗಳು ದೇಹದ ಸಹಜ ನಿದ್ರಾಚಕ್ರಕ್ಕೆ ವಿರುದ್ಧವಾಗಿವೆ. ನಡುರಾತ್ರಿಯಿಂದ ಬೆಳಗಿನ 6ರವರೆಗೆ ಮತ್ತು ಮಧ್ಯಾಹ್ನದ ನಂತರ ತೂಕಡಿಕೆಯ ಸಾಧ್ಯತೆ ಹೆಚ್ಚು. 2 ಗಂಟೆಗೆ ಏಳಬೇಕಾದವರು ಸಂಜೆ ಬೇಗ ಮಲಗಲು ಯತ್ನಿಸಿದರೂ ಮನೆಯ ಚಟುವಟಿಕೆಗಳ ನಡುವೆ ನಿದ್ರೆ ಕಡಿಮೆಯಾಗುತ್ತದೆ. ಪ್ರತಿದಿನ ಮನೆಗೆ ಮರಳುವುದು ಈ ವೃತ್ತಿಯ ಮುಖ್ಯ ಆಕರ್ಷಣೆಯಾದರೂ, ಕುಟುಂಬದವರು ಎಚ್ಚರವಿರುವ ವೇಳೆಗೆ ಚಾಲಕರು ಬಿಡುವಾಗಿರುತ್ತಾರೆಯೇ ಎಂಬುದು ಪಾಳಿಯನ್ನು ಅವಲಂಬಿಸಿದೆ.

ಭಾರತದೊಂದಿಗೆ ಹೋಲಿಕೆ

ಭಾರತದಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಳಲ್ಲಿ ದಿನಕ್ಕೆ 8 ಹಾಗೂ ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತು. ದೂರದ ಮಾರ್ಗಗಳಂತಹ ಸಂದರ್ಭಗಳಲ್ಲಿ ಅನುಮತಿ ಪಡೆದು ಇದನ್ನು 10 ಮತ್ತು 54 ಗಂಟೆಗಳಿಗೆ ಹೆಚ್ಚಿಸಲು ಅವಕಾಶವಿತ್ತು. ಹೆಚ್ಚುವರಿ ಅವಧಿಗೆ ಎರಡು ಪಟ್ಟು ವೇತನವನ್ನೂ ಕಾಯಿದೆ ನಿಗದಿಪಡಿಸಿತು. ಅಮೇರಿಕದ ನಿಯಮಗಳು ಮುಖ್ಯವಾಗಿ ರಸ್ತೆ ಸುರಕ್ಷತೆಗಾಗಿ ಚಾಲನೆಯನ್ನು ಮಿತಗೊಳಿಸಿದರೆ, ಭಾರತದ ಕಾಯಿದೆ ಒಟ್ಟು ದುಡಿಮೆಯನ್ನೇ ಮಿತಗೊಳಿಸಿತು. ಒಂದೆರಡು ಲಾರಿಗಳಷ್ಟೇ ಇರುವ ಮಾಲೀಕರ ಚಾಲಕರು ಇದರ ವ್ಯಾಪ್ತಿಗೆ ಹೊರಗುಳಿಯುವ ಸಾಧ್ಯತೆಯಿತ್ತು. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಕುರಿತ 2020ರ ಸಂಹಿತೆಯಲ್ಲಿ ಈ ಕಾಯಿದೆಯನ್ನು ವಿಲೀನಗೊಳಿಸಲಾಗಿದೆ.