ಗಿಡದ ಹಾಲು: ಬಿಳುಪು ಬೇರೆ, ವಿಷ ಬೇರೆ

ಎಕ್ಕದ ಎಲೆಯೊಂದನ್ನು ಕಿತ್ತೊಡನೆ ಗಾಯದ ಬಾಯಿಯಲ್ಲಿ ಬಿಳಿಯ ಹನಿಯೊಂದು ಮೂಡುವುದನ್ನು ನೋಡದವರು ವಿರಳ. ಬೆಂಗಳೂರಿನ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ಒಂದು ಸುತ್ತು ಬಂದರೆ ಇಂತಹ ಹಾಲುಗಿಡಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಖಾಲಿ ನಿವೇಶನದಲ್ಲಿ ಎಕ್ಕ, ಬೇಲಿಯಲ್ಲಿ ಹಳದಿ ಕಣಗಿಲೆ, ಅಂಗಳದಲ್ಲಿ ನಂದಿಬಟ್ಟಲು, ಕುಂಡದಲ್ಲಿ ಕಳ್ಳಿ, ಹಿತ್ತಿಲಲ್ಲಿ ಪರಂಗಿ, ರಸ್ತೆಯ ತಿರುವಿನಲ್ಲಿ ಆಲ. ಇವುಗಳ ವಿಷಯದಲ್ಲಿ ಜನರಲ್ಲಿ ಎರಡು ಅಭಿಪ್ರಾಯಗಳುಂಟು. ಹಾಲು ಸುರಿಸುವ ಗಿಡವೆಲ್ಲ ವಿಷವೆಂದು ಕೆಲವರು ಹೆದರುತ್ತಾರೆ. ದೇವರ ಮುಡಿಗೇರುವ ಹೂವಿನ ಗಿಡ ನಮಗೇನು ಕೇಡು ಮಾಡೀತೆಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ಏಕೆಂದರೆ ಹಾಲಿನ ಬಿಳುಪಿಗೂ ಅದರ ವಿಷಕ್ಕೂ ಸಂಬಂಧವಿಲ್ಲ.

ಬಿಳುಪು ಎಲ್ಲಿಂದ ಬಂತು?

ಗಿಡದ ಹಾಲಿನಲ್ಲಿ ಬಿಳಿಯ ಬಣ್ಣದ ವಸ್ತುವೊಂದು ಬೆರೆತಿದೆಯೆಂದು ಭಾವಿಸಬೇಕಾಗಿಲ್ಲ. ಸಸ್ಯಕ್ಷೀರವೆಂದು ಕರೆಯುವ ಈ ದ್ರವದಲ್ಲಿ ಹೆಚ್ಚಿನ ಭಾಗ ನೀರೇ. ಆ ನೀರಿನಲ್ಲಿ ರಬ್ಬರು, ರಾಳ ಮೊದಲಾದವುಗಳ ಅತಿಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಅವುಗಳ ಗಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನದು. ಎಂದರೆ ಬೆಳಕಿನ ಅಲೆಯ ಉದ್ದಕ್ಕೆ ಹೋಲಿಸಬಹುದಾದಷ್ಟು. ಒಳಹೊಕ್ಕ ಬೆಳಕನ್ನು ಈ ಕಣಗಳು ಹೀರಿಕೊಳ್ಳದೆ ಎಲ್ಲ ದಿಕ್ಕುಗಳಿಗೂ ಚದುರಿಸುತ್ತವೆ. ಏಳೂ ಬಣ್ಣಗಳು ಒಟ್ಟಾಗಿ ಚದುರಿ ಕಣ್ಣಿಗೆ ಬೀಳುವುದರಿಂದ ದ್ರವ ಬೆಳ್ಳಗೆ ತೋರುತ್ತದೆ. ಹಸುವಿನ ಹಾಲು, ಆಕಾಶದ ಮೋಡ, ಸೋಪಿನ ನೊರೆ ಇವೆಲ್ಲ ಬೆಳ್ಳಗಿರುವುದೂ ಬೆಳಕಿನ ಚದುರುವಿಕೆಯಿಂದಲೇ. ಆದುದರಿಂದ ಬಿಳುಪು ತಿಳಿಸುವುದು ಕಣಗಳಿವೆ ಎಂಬುದನ್ನು ಮಾತ್ರ. ನೀರಿನಲ್ಲಿ ಇನ್ನೇನು ಕರಗಿದೆ ಎಂಬುದನ್ನು ಅದು ತಿಳಿಸಲಾರದು.

ಹಾಲು ಚಿಮ್ಮುವುದೇಕೆ?

ಈ ಹಾಲು ಗಿಡದ ಒಡಲಲ್ಲಿ ಪ್ರತ್ಯೇಕವಾದ ನಾಳಗಳಲ್ಲಿ ತುಂಬಿರುತ್ತದೆ. ರಬ್ಬರ್ ಮರದ ನಾಳಗಳಲ್ಲಿ ಬೆಳಗಿನ ಜಾವದ ಹೊತ್ತಿಗೆ ಒತ್ತಡವು ಸುಮಾರು 10 ವಾಯುಭಾರದಷ್ಟಿರುತ್ತದೆ. ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡಕ್ಕಿಂತ ಇದು ಹಲವು ಪಟ್ಟು ಹೆಚ್ಚು! ತೊಗಟೆಗೆ ಗಾಯವಾದೊಡನೆ ಹಾಲು ಹೊರನುಗ್ಗಿ, ಗಾಳಿ ತಗುಲಿ ಹೆಪ್ಪುಗಟ್ಟಿ, ಗಾಯವನ್ನು ಮುಚ್ಚುತ್ತದೆ. ಎಲೆ ಕಡಿಯಲು ಬಂದ ಹುಳುವಿನ ಬಾಯಿಯನ್ನೂ ಅಂಟಿಸಿಬಿಡುತ್ತದೆ. ಆದರೂ ಎಕ್ಕದ ಬಳಗದ ಗಿಡಗಳನ್ನೇ ತಿಂದು ಬೆಳೆಯುವ ಚಿಟ್ಟೆಗಳುಂಟು. ಅವುಗಳಲ್ಲಿ ಕೆಲವು ಜಾತಿಯ ಕಂಬಳಿಹುಳುಗಳು ಮೊದಲು ಎಲೆಯ ನರವನ್ನು ಕಡಿದು, ಒತ್ತಡವನ್ನು ಇಳಿಸಿ, ಹಾಲು ಬಸಿದುಹೋದ ಮೇಲೆ ಊಟಕ್ಕೆ ತೊಡಗುತ್ತವೆ.

ವಿಷವಿರುವುದು ಯಾವುದರಲ್ಲಿ?

ರಕ್ಷಣೆಗಾಗಿ ಒಂದೊಂದು ಗಿಡವೂ ಹಾಲಿನಲ್ಲಿ ಬೇರೆಬೇರೆ ರಾಸಾಯನಿಕಗಳನ್ನು ಬೆರೆಸಿಟ್ಟಿದೆ. ಪರಂಗಿಯ ಹಾಲಿನಲ್ಲಿರುವುದು ಪಪೇನ್ ಎಂಬ ಕಿಣ್ವ. ಮಾಂಸವನ್ನು ಮೆದುಗೊಳಿಸಲು ಅದನ್ನು ಬಳಸುತ್ತಾರೆ. ಸಪೋಟ ಮರದ ಹಾಲಿನಿಂದ ಒಂದು ಕಾಲದಲ್ಲಿ ಚ್ಯೂಯಿಂಗ್ ಗಮ್ ತಯಾರಾಗುತ್ತಿತ್ತು. ಹಲಸಿನ ಹಾಲು ಕೈಗಂಟದಂತೆ ನಾವು ಎಣ್ಣೆ ಸವರಿಕೊಳ್ಳುತ್ತೇವೆಯೇ ಹೊರತು ಹಣ್ಣನ್ನು ಬಿಡುವುದಿಲ್ಲ. ಆದರೆ ಹಲವು ಜಾತಿಯ ಕಳ್ಳಿಗಳ ಹಾಲು ಚರ್ಮದಲ್ಲಿ ಬೊಬ್ಬೆಯೆಬ್ಬಿಸುತ್ತದೆ, ಕಣ್ಣನ್ನು ಸುಡುತ್ತದೆ.

ಎಕ್ಕ ಮತ್ತು ಹಳದಿ ಕಣಗಿಲೆಗಳಲ್ಲಿರುವುದು ಹೃದಯದ ಮೇಲೆ ಪರಿಣಾಮ ಮಾಡುವ ಗ್ಲೈಕೊಸೈಡುಗಳು. ನಮ್ಮ ಜೀವಕೋಶಗಳ ಪೊರೆಯಲ್ಲಿ ಸೋಡಿಯಮ್ಮನ್ನು ಹೊರಕ್ಕೂ ಪೊಟ್ಯಾಸಿಯಮ್ಮನ್ನು ಒಳಕ್ಕೂ ಸಾಗಿಸುವ ಸೂಕ್ಷ್ಮ ಪಂಪೊಂದಿದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದರ ಕುರಿತು ಪ್ರಕಟಿಸಿದ ಶೋಧಕ್ಕೆ 1997ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ಲೈಕೊಸೈಡುಗಳು ಈ ಪಂಪನ್ನೇ ತಡೆಯುತ್ತವೆ; ಹೃದಯದ ಬಡಿತ ಲಯ ತಪ್ಪುತ್ತದೆ. ಇದೇ ಬಗೆಯ ವಸ್ತುಗಳುಳ್ಳ ಡಿಜಿಟಾಲಿಸ್ ಗಿಡವನ್ನು ಹೃದ್ರೋಗಕ್ಕೆ ಬಳಸುವ ಕ್ರಮವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ವಿವರಿಸಿದ್ದನು. ಔಷಧಕ್ಕೂ ವಿಷಕ್ಕೂ ನಡುವೆ ಇರುವುದು ಪ್ರಮಾಣದ ಅಂತರವಷ್ಟೆ. ಹಳದಿ ಕಣಗಿಲೆಯ ಬೀಜವನ್ನು ಮಕ್ಕಳು ಆಟಕ್ಕಾಗಿ ಬಾಯಿಗೆ ಹಾಕಿಕೊಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಕೆಂಪು ಕಣಗಿಲೆಯನ್ನು ನೋಡಿರಿ. ಅದರಲ್ಲಿ ಹಾಲು ಅಷ್ಟಾಗಿ ಕಾಣದು. ವಿಷವೋ ಅದೇ ಬಳಗದ್ದು. ಉಮ್ಮತ್ತಿ, ಗುಲಗಂಜಿ, ಹರಳು ಇವುಗಳಲ್ಲಿ ಬಿಳಿಯ ಹಾಲೇ ಇಲ್ಲ. ಆದರೂ ಅವುಗಳ ಬೀಜಗಳು ಘೋರ ವಿಷ. ಹಾಲನ್ನು ನೋಡಿ ವಿಷವನ್ನು ಅಳೆಯಲಾಗದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಣ್ಣಿನ ಎಚ್ಚರ

ನಮ್ಮಲ್ಲಿ ರಥಸಪ್ತಮಿಯಂದು ಎಕ್ಕದ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುವ ವಾಡಿಕೆಯುಂಟು. ಆಂಜನೇಯನಿಗೆ, ಗಣಪತಿಗೆ ಎಕ್ಕದ ಹೂವಿನ ಹಾರ ಏರಿಸುವುದುಂಟು. ಆಚರಣೆಯನ್ನು ಬಿಡಬೇಕಾಗಿಲ್ಲ, ಎಚ್ಚರವಿದ್ದರೆ ಸಾಕು. ಆಗತಾನೆ ಕಿತ್ತ ಎಲೆಯ ತೊಟ್ಟಿನಿಂದ ಹಾಲು ಒಸರುತ್ತಿರುತ್ತದೆ. ಆ ಕೈಯಿಂದ ಕಣ್ಣುಜ್ಜಿದರೆ, ಇಲ್ಲವೆ ಹನಿಯೊಂದು ಕಣ್ಣಿಗೆ ಸಿಡಿದರೆ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲ ಊದಿಕೊಂಡು ದೃಷ್ಟಿ ಮಬ್ಬಾಗುತ್ತದೆ. ವಿಚಿತ್ರವೆಂದರೆ ಅನೇಕ ವೇಳೆ ನೋವೇ ಇರುವುದಿಲ್ಲ. ಆದುದರಿಂದಲೇ ಜನ ಉದಾಸೀನ ಮಾಡುತ್ತಾರೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ದೃಷ್ಟಿ ಸಾಮಾನ್ಯವಾಗಿ ಮರಳಿ ಬರುತ್ತದೆ.

ಎಲೆಗಳನ್ನು ಮೊದಲೇ ಕಿತ್ತು, ತೊಟ್ಟನ್ನು ತೊಳೆದು, ಹಾಲು ನಿಂತ ಮೇಲೆ ಬಳಸುವುದು ಲೇಸು. ಕೈಗಳನ್ನು ಸೋಪಿನಿಂದ ತೊಳೆಯಬೇಕು. ಯಾವುದೇ ಗಿಡದ ಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧವಾದ ನೀರನ್ನು 15 ನಿಮಿಷಗಳಾದರೂ ಹರಿಸಿ ತೊಳೆದು, ನೋವಿಲ್ಲದಿದ್ದರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಎಣ್ಣೆ, ಎದೆಹಾಲು ಮುಂತಾದ ಮನೆಮದ್ದು ಸಲ್ಲದು.

ಅಪರಿಚಿತ ಗಿಡದ ಹಾಲನ್ನು ಮುಟ್ಟದಿರುವುದು ವಿವೇಕ. ಪರಿಚಿತ ಗಿಡದ ಗುಣವನ್ನು ಅರಿತಿರುವುದು ಅದಕ್ಕಿಂತ ದೊಡ್ಡ ವಿವೇಕ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಹಿರಿಯರ ಮಾತಿಗೆ, ಬೆಳ್ಳಗಿರುವುದೆಲ್ಲ ವಿಷವೂ ಅಲ್ಲವೆಂಬ ಮಾತನ್ನು ವಿದ್ಯಾರ್ಥಿಗಳು ಸೇರಿಸಿಕೊಳ್ಳಬಹುದು.