ವಾರಂಟಿ ಅವಧಿಯಲ್ಲಿ ಟ್ರ್ಯಾಕ್ಟರ್ ಎಂಜಿನ್ ಪದೇ ಪದೇ ಕೆಟ್ಟಾಗ ರೈತರು ಅನುಸರಿಸಬೇಕಾದ ಕ್ರಮಗಳು

ಪೀಠಿಕೆ

ಮೈಸೂರಿನ ಹೊರವರ್ತುಲ ರಸ್ತೆಯು ಹುಣಸೂರು ರಸ್ತೆಯನ್ನು ಸಂಧಿಸುವ ಹಿನಕಲ್ ಇಂದು ನಗರದ ಭಾಗವೇ ಆಗಿದೆ. ಹುಣಸೂರು, ಪಿರಿಯಾಪಟ್ಟಣ ಕಡೆಯ ರೈತರು ಟ್ರ್ಯಾಕ್ಟರ್ ಕೊಳ್ಳಲು, ಬಿಡಿಭಾಗ ತರಲು, ರಿಪೇರಿ ಮಾಡಿಸಲು ಮೈಸೂರಿಗೆ ಬರುವ ಹೆದ್ದಾರಿಯೂ ಇದೇ. ಹೊಸ ಟ್ರ್ಯಾಕ್ಟರನ್ನು ಒಂದೇ ದೋಷಕ್ಕಾಗಿ ಎರಡನೆಯ, ಮೂರನೆಯ ಬಾರಿಗೆ ಈ ದಾರಿಯಲ್ಲಿ ಸಾಗಿಸಿಕೊಂಡು ಬರಬೇಕಾದ ರೈತನ ನಷ್ಟವು ರಿಪೇರಿಯ ವೆಚ್ಚಕ್ಕಷ್ಟೇ ಸೀಮಿತವಲ್ಲ. ಹೊಗೆಸೊಪ್ಪಿನ ನಾಟಿಗೆ ಭೂಮಿ ಸಿದ್ಧಪಡಿಸುವ ಕಾಲವಾಗಲಿ, ಭತ್ತದ ಗದ್ದೆಯ ಕೆಸರು ಉಳುಮೆಯ ಕಾಲವಾಗಲಿ ಯಾರಿಗಾಗಿಯೂ ಕಾಯುವುದಿಲ್ಲ. ಟ್ರ್ಯಾಕ್ಟರ್ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಇಂತಹ ಸಂದರ್ಭದಲ್ಲಿ ಡೀಲರರೊಂದಿಗೆ ಹೇಗೆ ವ್ಯವಹರಿಸಬೇಕು, ಯಾವ ದಾಖಲೆ ಇಟ್ಟುಕೊಳ್ಳಬೇಕು, ಪರಿಹಾರ ದೊರೆಯದಿದ್ದಲ್ಲಿ ಎಲ್ಲಿಗೆ ಹೋಗಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದೇ ದೋಷ ಮರಳಿ ಬರಲು ಕಾರಣ

ಎಂಜಿನ್ ಪುನಃ ಕೆಡಲು ಮುಖ್ಯ ಕಾರಣವೆಂದರೆ, ಹಾಳಾದ ಭಾಗವನ್ನು ಬದಲಿಸಿ, ಅದನ್ನು ಹಾಳುಮಾಡಿದ ಮೂಲ ಕಾರಣವನ್ನು ಹಾಗೆಯೇ ಬಿಡುವುದು. ಎರಡು ಉದಾಹರಣೆಗಳನ್ನು ಗಮನಿಸಬಹುದು.

1. ಧೂಳಿನಿಂದ ಸವೆತ: ಒಣಭೂಮಿಯಲ್ಲಿ ರೋಟಾವೇಟರ್ ಓಡಿಸುವಾಗ ಅಪಾರ ಧೂಳು ಏಳುತ್ತದೆ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಸಣ್ಣ ಬಿರುಕಿದ್ದರೂ, ಕ್ಲಿಪ್ ಸಡಿಲವಾಗಿದ್ದರೂ ಧೂಳು ನೇರವಾಗಿ ಸಿಲಿಂಡರಿನೊಳಗೆ ಸೇರಿ ರಿಂಗ್ ಮತ್ತು ಲೈನರುಗಳನ್ನು ಉಜ್ಜುತ್ತದೆ. ಆಗ ಎಂಜಿನ್ ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಬೇಗನೆ ಇಳಿಯುತ್ತದೆ. ಹೋಸನ್ನು ಸರಿಪಡಿಸದೆ ಹೊಸ ರಿಂಗ್ ಹಾಕಿದರೆ ಅವೂ ಸವೆಯುತ್ತವೆ.

2. ಅತಿಯಾದ ಬಿಸಿ: ರೇಡಿಯೇಟರಿನ ಜಾಲರಿಯಲ್ಲಿ ಕೆಸರು, ಹೊಟ್ಟು ತುಂಬಿದಾಗ, ಫ್ಯಾನ್ ಬೆಲ್ಟ್ ಸಡಿಲವಾದಾಗ, ಥರ್ಮೋಸ್ಟ್ಯಾಟ್ ಅಥವಾ ವಾಟರ್ ಪಂಪ್ ಕೆಟ್ಟಾಗ ಎಂಜಿನ್ ಕಾದು ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು; ಹೆಡ್ ಗ್ಯಾಸ್ಕೆಟ್ ಒಡೆಯುತ್ತದೆ. ನೀರು ಕಡಿಮೆಯಾಗುತ್ತಾ ಬಿಳಿ ಹೊಗೆ ಬರುವುದು ಇದರ ಲಕ್ಷಣ. ಹೆಡ್ಡಿನ ಸಮತಟ್ಟನ್ನು ಅಳೆಯದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಅದು ಮತ್ತೆ ಒಡೆಯುವುದು ಬಹುತೇಕ ಖಚಿತ.

ಆದ್ದರಿಂದ ಡೀಲರರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಭಾಗ ಬದಲಿಸಿದಿರಿ?’ ಎಂಬುದಲ್ಲ, ‘ಅದು ಯಾವ ಕಾರಣದಿಂದ ಹಾಳಾಯಿತು?’ ಎಂಬುದು. ದೋಷ ತಯಾರಿಕೆಯದೋ ನಿರ್ವಹಣೆಯದೋ ಎಂಬ ವಿವಾದವು ಈ ಉತ್ತರದ ಮೇಲೆಯೇ ನಿಲ್ಲುತ್ತದೆ. ಏರ್ ಕ್ಲೀನರ್, ರೇಡಿಯೇಟರ್ ಸ್ವಚ್ಛತೆಯು ರೈತರ ಹೊಣೆಯೂ ಹೌದು ಎಂಬುದನ್ನು ಮರೆಯಬಾರದು.

ವಾರಂಟಿ ಕಾರ್ಡಿನಲ್ಲಿ ಗಮನಿಸಬೇಕಾದ ಅಂಶಗಳು

ವಾರಂಟಿಯನ್ನು ಸಾಮಾನ್ಯವಾಗಿ ವರ್ಷ ಮತ್ತು ಗಂಟೆ ಎರಡರಲ್ಲೂ ಹೇಳಿರುತ್ತಾರೆ. ಯಾವುದು ಮೊದಲು ಮುಗಿಯುತ್ತದೆಯೋ ಅಲ್ಲಿಗೆ ವಾರಂಟಿ ಮುಗಿಯುತ್ತದೆ. ಹೆಚ್ಚು ಬಾಡಿಗೆಗೆ ಓಡುವ ಟ್ರ್ಯಾಕ್ಟರಿಗೆ ಗಂಟೆಗಳು ಬೇಗನೆ ತುಂಬುವುದರಿಂದ ಹವರ್ ಮೀಟರ್ ಸರಿಯಾಗಿದೆಯೇ ಎಂದು ನೋಡುತ್ತಿರಬೇಕು. ಟೈರು, ಬ್ಯಾಟರಿ ಹಾಗೂ ಸವೆಯುವ ಭಾಗಗಳಿಗೆ ಬೇರೆ ಷರತ್ತುಗಳಿರುತ್ತವೆ. ನಿಗದಿತ ಸರ್ವೀಸ್ ತಪ್ಪಿಸುವುದು, ಸೂಚಿಸಿದ ದರ್ಜೆಯ ಆಯಿಲ್ ಬಳಸದಿರುವುದು, ಹೊರಗಿನ ಮೆಕ್ಯಾನಿಕ್ಕಿನಿಂದ ಎಂಜಿನ್ ಬಿಚ್ಚಿಸುವುದು, ಇವು ವಾರಂಟಿ ನಿರಾಕರಿಸಲು ಡೀಲರರು ಮುಂದಿಡುವ ಸಾಮಾನ್ಯ ಕಾರಣಗಳು. ಕೆಲಸದ ಒತ್ತಡ ಎಷ್ಟೇ ಇದ್ದರೂ ವಾರಂಟಿ ಅವಧಿಯಲ್ಲಿ ಎಂಜಿನ್ನನ್ನು ಹೊರಗೆ ಬಿಚ್ಚಿಸಬಾರದು.

ಸಂಗ್ರಹಿಸಿಡಬೇಕಾದ ದಾಖಲೆಗಳು

• ಖರೀದಿ ಬಿಲ್, ವಾರಂಟಿ ಕಾರ್ಡ್, ಸರ್ವೀಸ್ ಪುಸ್ತಕ, ಸಾಲದ ಮಂಜೂರಾತಿ ಪತ್ರ.
• ಪ್ರತಿ ರಿಪೇರಿಯ ಜಾಬ್ ಕಾರ್ಡಿನ ಪ್ರತಿ. ಹಣ ಪಡೆಯದೆ ರಿಪೇರಿ ಮಾಡಿದರೂ ಪ್ರತಿಯನ್ನು ಕೇಳಿ ಪಡೆಯಬೇಕು.
• ಟ್ರ್ಯಾಕ್ಟರ್ ಒಪ್ಪಿಸಿದ ಮತ್ತು ಮರಳಿ ಪಡೆದ ದಿನಾಂಕ ಹಾಗೂ ಹವರ್ ಮೀಟರ್ ಅಂಕಿ.
• ಹೊಗೆ, ಶಬ್ದ, ಸೋರಿಕೆಯ ವಿಡಿಯೊ. ಬಿಚ್ಚಿದ ಭಾಗಗಳ ಫೋಟೊ. ವಾರಂಟಿಯಲ್ಲಿ ಬದಲಿಸಿದ ಹಳೆಯ ಭಾಗವನ್ನು ಕಂಪನಿಯೇ ಹಿಂಪಡೆಯುವುದರಿಂದ ಫೋಟೊ ಅತ್ಯಗತ್ಯ.
• ಸಾಗಾಟದ ವೆಚ್ಚ, ಬಾಡಿಗೆ ಟ್ರ್ಯಾಕ್ಟರಿಗೆ ಕೊಟ್ಟ ಹಣದ ರಸೀದಿಗಳು.

ಡೀಲರರೊಂದಿಗೆ ವ್ಯವಹರಿಸುವ ವಿಧಾನ

ಜಾಬ್ ಕಾರ್ಡಿನಲ್ಲಿ ದೂರನ್ನು ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬಾರದು. ‘ಲೋಡಿನಲ್ಲಿ ಎಂಜಿನ್ ಕಾಯುತ್ತದೆ, ಇದೇ ದೋಷಕ್ಕೆ ಎರಡನೆಯ ಬಾರಿ ತಂದಿದೆ’ ಎಂದು ಸ್ಪಷ್ಟವಾಗಿ ಬರೆಸಬೇಕು. ಮುಂದೆ ದೋಷವು ಪುನರಾವರ್ತಿತ ಎಂದು ಸಾಬೀತುಪಡಿಸಲು ಇದೊಂದು ಸಾಲು ಬಹಳ ಮುಖ್ಯ.

ಟ್ರ್ಯಾಕ್ಟರ್ ಮರಳಿ ಪಡೆಯುವಾಗ ಶೋರೂಂ ಅಂಗಳದಲ್ಲಿ ಎಂಜಿನ್ ಚಾಲೂ ಮಾಡಿ ನೋಡಿದರೆ ಸಾಲದು. ಕಾಯುವ ದೋಷ ಲೋಡಿನಲ್ಲಿ ಮಾತ್ರ ಕಾಣಿಸುತ್ತದೆ. ಲೋಡಿನಲ್ಲಿ ಪರೀಕ್ಷಿಸದೆ ‘ತೃಪ್ತಿಕರ’ ಎಂಬ ಕಾಲಂಗೆ ಸಹಿ ಹಾಕಬಾರದು. ಸಹಿ ಅನಿವಾರ್ಯವಾದರೆ ‘ಹೊಲದಲ್ಲಿ ಪರೀಕ್ಷಿಸಿಲ್ಲ’ ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು.

ಎರಡನೆಯ ಬಾರಿ ಅದೇ ದೋಷ ಕಂಡೊಡನೆ ಬಾಯಿಮಾತು ಬಿಟ್ಟು ಪತ್ರ ಬರೆಯಬೇಕು. ಪತ್ರವನ್ನು ಡೀಲರರಿಗೂ ತಯಾರಿಕಾ ಕಂಪನಿಗೂ ನೋಂದಾಯಿತ ಅಂಚೆ ಅಥವಾ ಇಮೇಲ್ ಮೂಲಕ ಕಳುಹಿಸಬೇಕು. ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಖರೀದಿ ದಿನಾಂಕ, ಹಿಂದಿನ ರಿಪೇರಿಗಳ ದಿನಾಂಕ, ಕೋರುವ ಪರಿಹಾರ, ಉತ್ತರಕ್ಕೆ ಕೊಟ್ಟ ಗಡುವು ಅದರಲ್ಲಿರಬೇಕು. ಕಂಪನಿಯ ಸರ್ವೀಸ್ ಎಂಜಿನಿಯರ್ ಖುದ್ದಾಗಿ ಬಂದು ಪರೀಕ್ಷಿಸಿ, ದೋಷದ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೇಳಬೇಕು. ‘ಚಾಲಕನ ತಪ್ಪು’ ಎಂದು ವಾರಂಟಿ ನಿರಾಕರಿಸಿದರೆ ಆ ನಿರಾಕರಣೆಯನ್ನೂ ಲಿಖಿತವಾಗಿಯೇ ಕೇಳಬೇಕು. ಮಾತು ಸೌಜನ್ಯದಿಂದಿರಲಿ, ಮೆಕ್ಯಾನಿಕ್ಕಿನೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ, ನಿರ್ಧಾರ ಅವರ ಕೈಯಲ್ಲಿರುವುದಿಲ್ಲ.

ಕಾನೂನಿನ ನೆರವು

ಡೀಲರ್ ಹಾಗೂ ಕಂಪನಿ ಸ್ಪಂದಿಸದಿದ್ದಲ್ಲಿ ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು.

• ರೈತರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಟ್ರ್ಯಾಕ್ಟರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಮೈಸೂರು ಜಿಲ್ಲೆಯ ರೈತರಿಗೆ ಮೈಸೂರಿನ ಆಯೋಗವೇ ಸಾಕು.
• ಪಾವತಿಸಿದ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 5ರಿಂದ 10 ಲಕ್ಷದವರೆಗೆ 200 ರೂ., 10ರಿಂದ 20 ಲಕ್ಷದವರೆಗೆ 400 ರೂ.
• ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ. ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು, ಸಹಾಯವಾಣಿ 15100.
• ಡೀಲರ್ ಮತ್ತು ತಯಾರಿಕಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಒಬ್ಬರನ್ನೇ ಹೆಸರಿಸಿದರೆ ಹೊಣೆಯನ್ನು ಮತ್ತೊಬ್ಬರ ಮೇಲೆ ಹಾಕಿ ಜಾರಿಕೊಳ್ಳಲು ಅವಕಾಶವಾಗುತ್ತದೆ.
• ವ್ಯಾಜ್ಯದ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ‘ಮುಂದಿನ ತಿಂಗಳು ನೋಡೋಣ’ ಎಂಬ ಬಾಯಿಮಾತಿನ ಭರವಸೆಯಿಂದ ಈ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ.

ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವುದನ್ನು ವಾಣಿಜ್ಯ ಉದ್ದೇಶವೆಂದು ಪರಿಗಣಿಸುವುದಿಲ್ಲ. ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ರೈತರೂ ಗ್ರಾಹಕರೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಹೇಳಿದೆ. ಹಲವು ಟ್ರ್ಯಾಕ್ಟರುಗಳನ್ನಿಟ್ಟು ಬಾಡಿಗೆ ನಡೆಸುವವರ ವಿಷಯ ಬೇರೆಯಾಗಬಹುದು. ಅಂತಹವರು ಮೊದಲೇ ಕಾನೂನು ಸಲಹೆ ಪಡೆಯುವುದು ಒಳಿತು.

ಕೇಳುವ ಪರಿಹಾರದಲ್ಲಿಯೂ ವಿವೇಕವಿರಬೇಕು. ಕಾರೊಂದರ ಪ್ರಕರಣದಲ್ಲಿ, ವಾರಂಟಿಯ ಹೊಣೆ ದೋಷವಿರುವ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತವಾಗಿದ್ದಾಗ ಇಡೀ ವಾಹನವನ್ನು ಬದಲಿಸಿಕೊಡಲು ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿದೆ. ಹೊಸ ಟ್ರ್ಯಾಕ್ಟರನ್ನು ಮಾತ್ರ ಕೇಳಿ ದೂರು ಸಲ್ಲಿಸಿದರೆ ಬರಿಗೈಯಲ್ಲಿ ಮರಳುವ ಅಪಾಯವಿದೆ. ಆದ್ದರಿಂದ ಬೆಲೆಯ ವಾಪಸಾತಿ, ಅದು ಸಾಧ್ಯವಾಗದಿದ್ದಲ್ಲಿ ಎಂಜಿನ್ ಬದಲಾವಣೆ, ಜೊತೆಗೆ ಬಾಡಿಗೆ, ಸಾಗಾಟ ಮತ್ತು ಬೆಳೆ ನಷ್ಟಕ್ಕೆ ಪರಿಹಾರ ಎಂದು ಕ್ರಮವಾಗಿ ಕೋರಬೇಕು. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ತಜ್ಞರ ಪರೀಕ್ಷೆಗೆ ಆದೇಶಿಸುವಂತೆ ಆಯೋಗವನ್ನು ಕೋರಬಹುದು. ಅಲ್ಲಿಯವರೆಗೆ ಎಂಜಿನ್ನನ್ನು ಯಥಾಸ್ಥಿತಿಯಲ್ಲಿ ಇಟ್ಟಿರಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ದೂರು ಹೇಳಲು ಬಂದ ರೈತರ ಜಾಬ್ ಕಾರ್ಡುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಂದು ಪುಟದ ಪಟ್ಟಿ ಮಾಡಿಕೊಡಬೇಕು: ದಿನಾಂಕ, ಗಂಟೆ, ದೋಷ, ಬದಲಿಸಿದ ಭಾಗ, ನಿಂತ ದಿನಗಳು. ಈ ಒಂದು ಪುಟವೇ ಕಂಪನಿಗೆ ಬರೆಯುವ ಪತ್ರಕ್ಕೂ ಆಯೋಗದ ದೂರಿಗೂ ಆಧಾರವಾಗುತ್ತದೆ. ಒಂದೇ ಮಾದರಿಯ ಟ್ರ್ಯಾಕ್ಟರಿನಲ್ಲಿ ಹಲವು ರೈತರಿಗೆ ಒಂದೇ ದೋಷ ಕಂಡುಬಂದಿದ್ದರೆ ಅದನ್ನು ಪ್ರತ್ಯೇಕವಾಗಿ ದಾಖಲಿಸಿ ಮೇಲಧಿಕಾರಿಗಳ ಗಮನಕ್ಕೆ ತರಬೇಕು.

ಒಟ್ಟಿನಲ್ಲಿ, ಸಕಾಲದ ಸರ್ವೀಸ್, ಪ್ರತಿ ಭೇಟಿಯ ಲಿಖಿತ ದಾಖಲೆ ಮತ್ತು ಗಡುವಿನೊಳಗಿನ ದೂರು, ಈ ಮೂರೂ ಇದ್ದಲ್ಲಿ ರೈತರು ಧೈರ್ಯವಾಗಿ ತಮ್ಮ ಹಕ್ಕನ್ನು ಕೇಳಬಹುದು. ಹೆಚ್ಚಿನ ಮಾಹಿತಿಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.